ಶಾಫ್ಟ್ ದಪ್ಪ ಮಾಡುವ ಮುಂಚೆ: ಮುರಿಯದ ಆಕ್ಸಲ್ ಶಾಫ್ಟ್ ಡಿಸೈನ್ ಮಾಡುವ ಬಗೆ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಶೆಡ್‌ನಲ್ಲಿ, ಕಿಟಕಿಯ ಕೆಳಗೆ ಒಂದು ಕಬ್ಬಿಣದ ರ‍್ಯಾಕ್ ಇದೆ. ಅದರ ತುಂಬ ಮುರಿದ ಶಾಫ್ಟ್‌ಗಳು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರ ನಾನು ಲೇತ್ ಕೊಡುವುದಿಲ್ಲ. ಆ ರ‍್ಯಾಕ್ ಮುಂದೆ ಕೂರಿಸಿ ಒಂದೊಂದೇ ತುಂಡು ಕೈಗೆ ಕೊಡುತ್ತೇನೆ. ಇದು ಎಲ್ಲಿಂದ ಒಡೆಯಲು ಶುರುವಾಯಿತು, ಹೇಳು ಅಂತ ಕೇಳುತ್ತೇನೆ.

ಮೇಲಿನ ಸಾಲಿನಲ್ಲಿರುವ ಒಂದು ಶಾಫ್ಟ್ ನಾನೇ ಮಾಡಿದ್ದು. ಜಲ್ಲಿ ಹೊಡೆಯುವ ಒಂದು ಸಣ್ಣ ಟಿಪ್ಪರ್‌ನದು. ಅದರ ಹಿಂದಿನ ಆಕ್ಸಲ್ ಶಾಫ್ಟ್, ಅಂದರೆ ಹಿಂದಿನ ಚಕ್ರವನ್ನು ತಿರುಗಿಸುವ ಉಕ್ಕಿನ ಸರಳು, ಎಂಟು ಒಂಬತ್ತು ತಿಂಗಳಿಗೊಮ್ಮೆ ಮುರಿಯುತ್ತಿತ್ತು. ಮಾಲೀಕರು ಬಂದು, "ಅಕ್ಕಾ, ಇದನ್ನೇ ಗಟ್ಟಿಯಾಗಿ ಮಾಡಿಕೊಡಿ, ದುಡ್ಡು ಎಷ್ಟಾದರೂ ಆಗಲಿ" ಅಂದರು. ಹಳೆಯದು 36 ಮಿ.ಮೀ ಇತ್ತು. ನಾನು 40 ಮಿ.ಮೀ ಮಾಡಿ ಕೊಟ್ಟೆ. ಅದು ಹನ್ನೊಂದು ವಾರಕ್ಕೆ ಮುರಿಯಿತು. ಹಳೆಯದಕ್ಕಿಂತ ಬೇಗ! ಗಾಡಿ ನಿಂತಿದ್ದು ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಗೆ, ಪೂರ್ತಿ ಲೋಡ್ ಇಟ್ಟುಕೊಂಡು.

ಆಮೇಲೆ ನಾನು ಮತ್ತೆ ಮೊದಲಿಂದ ಲೆಕ್ಕ ಹಾಕಿದೆ. ಈಗ ನಮ್ಮಲ್ಲಿ ಶಾಫ್ಟ್ ಡಿಸೈನ್ ಮಾಡುವ ಕ್ರಮ ಆ ಲೆಕ್ಕದಿಂದ ಬಂದದ್ದು. ಆಕ್ಸಲ್ ಶಾಫ್ಟ್ ಹಿಡಿದುಕೊಂಡೇ ಹೇಳುತ್ತೇನೆ. ಎಂಜಿನ್‌ನ ತಿರುಚು ಬಲ, ಅಂದರೆ ಟಾರ್ಕ್, ಸಾಗಿಸುವ ಬೇರೆ ಭಾಗಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಮುರಿದ ತುಂಡನ್ನು ಮೊದಲು ಓದಿ

ಒಂದು ಸೀಮೆಸುಣ್ಣ ತೆಗೆದುಕೊಂಡು ಎರಡೂ ತುದಿ ಹಿಡಿದು ತಿರುಚಿ. ಅದು ನೇರವಾಗಿ ಅಡ್ಡ ಮುರಿಯುವುದಿಲ್ಲ. 45 ಡಿಗ್ರಿ ಓರೆಯಲ್ಲಿ, ಸುರುಳಿಯಾಗಿ ಮುರಿಯುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಮಡಿಕೆಗಳು ಓರೆಯಾಗಿ ಬಿಗಿಯುತ್ತವೆ ಅಲ್ವಾ, ಅದೇ ಕಾರಣ. ತಿರುಚುವಾಗ ಆ ಓರೆ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಸೀಮೆಸುಣ್ಣ ಎಳೆತ ತಡೆಯುವುದಿಲ್ಲ.

ಈಗ ಶಾಫ್ಟ್ ನೋಡಿ. ಮುರಿದ ಮುಖ ಅಡ್ಡಕ್ಕೆ ಸಪಾಟಾಗಿದ್ದು, ಸ್ಪ್ಲೈನ್ ಹಲ್ಲುಗಳು (ಗೇರ್ ಒಳಗೆ ಕೂರಲು ಶಾಫ್ಟ್ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳು) ಸ್ಕ್ರೂ ತರಹ ತಿರುಚಿಕೊಂಡಿದ್ದರೆ, ಒಂದೇ ಸಲ ಮಿತಿ ಮೀರಿ ಟಾರ್ಕ್ ಬಿದ್ದಿದೆ. ಮುಖದ ಮೇಲೆ ಗೆರೆ ಗೆರೆ ಇದ್ದರೆ, ಕೆರೆಯ ನೀರು ಇಳಿಯುತ್ತಾ ಹೋದಂತೆ ದಡದಲ್ಲಿ ಉಳಿಯುವ ಗೆರೆಗಳ ಹಾಗೆ, ಅದು ದಣಿದು ಮುರಿದದ್ದು. ನಾವು ಫಟೀಗ್ ಅನ್ನುತ್ತೇವೆ. ಬಿರುಕು ಒಂದು ಕಡೆ ಹುಟ್ಟಿ, ದಿನಾ ಸ್ವಲ್ಪ ಸ್ವಲ್ಪ ಬೆಳೆದು, ಉಳಿದ ಭಾಗ ಭಾರ ತಡೆಯಲಾರದೆ ಕೊನೆಗೆ ಕಡಿದು ಹೋಗಿದೆ. ಆ ಗೆರೆಗಳ ನಡುಬಿಂದು ಎಲ್ಲಿದೆಯೋ ಅಲ್ಲೇ ಬಿರುಕು ಹುಟ್ಟಿದ್ದು. ಸ್ಪ್ಲೈನ್ ಒಳಗೆ ಮುರಿದ ಮುಖ ನಕ್ಷತ್ರದ ಆಕಾರದಲ್ಲಿದ್ದರೆ, ಟಾರ್ಕ್ ಹಿಂದೆ ಮುಂದೆ ಎರಡೂ ದಿಕ್ಕಿಗೆ ಬಡಿದು, ಪ್ರತಿ ಹಲ್ಲಿನ ಬುಡದಿಂದಲೂ ಬಿರುಕು ಹೊರಟಿದೆ.

ದಣಿವಿನ ವಿಷಯ ಹೊಸದಲ್ಲ. ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲೇ ರೈಲು ಆಕ್ಸಲ್‌ಗಳನ್ನು ಪರೀಕ್ಷೆ ಮಾಡಿ ತೋರಿಸಿದರು. ಒಂದು ಸಲಕ್ಕೆ ಆರಾಮಾಗಿ ತಡೆಯುವ ಹೊರೆಯೇ ಲಕ್ಷಾಂತರ ಸಲ ಬಿದ್ದರೆ ಉಕ್ಕು ಮುರಿಯುತ್ತದೆ. ನಮ್ಮ ಊರಿನ ಲೆಕ್ಕ ಹಾಕಿ. ಸಿಗ್ನಲ್, ಹಂಪ್, ಜಾಮ್ ಎಲ್ಲ ಸೇರಿ ದಿನಕ್ಕೆ ಇನ್ನೂರು ಸಲ ಕ್ಲಚ್ ಬಿಟ್ಟು ಗಾಡಿ ಎತ್ತುತ್ತಾರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 300 ದಿನ, ಐದು ವರ್ಷ. ಮೂರು ಲಕ್ಷ ಸಲ ಆಯಿತು. ಹೆದ್ದಾರಿಯಲ್ಲಿ ನಾಲ್ಕನೇ ಗೇರ್‌ನಲ್ಲಿ ಓಡುವ ಅದೇ ಗಾಡಿಯ ಶಾಫ್ಟ್‌ಗೆ ಈ ಹೊಡೆತದ ಒಂದು ಪಾಲೂ ಬೀಳುವುದಿಲ್ಲ.

ನನ್ನ 40 ಮಿ.ಮೀ ಶಾಫ್ಟ್ ಮುರಿದದ್ದು ಸ್ಪ್ಲೈನ್ ಮುಗಿಯುವ ಜಾಗದಲ್ಲಿ. ಮುಖದ ತುಂಬ ಕೆರೆಯ ಗೆರೆಗಳು.

ಶಾಫ್ಟ್‌ಗೆ ನಿಜವಾಗಿ ಎಷ್ಟು ಟಾರ್ಕ್ ಬರುತ್ತದೆ

ಎಂಜಿನ್ ಟಾರ್ಕ್ ನೋಡಿ ಶಾಫ್ಟ್ ಅಳತೆ ಇಡುವುದು ತಪ್ಪು. ಮೂರು ಅಂಕಿ ಬೇಕು.

ಒಂದು, ಗೇರ್ ಮೂಲಕ ಬರುವ ಟಾರ್ಕ್. ಎಂಜಿನ್ 200 ನ್ಯೂಟನ್ ಮೀಟರ್ ಕೊಡುತ್ತದೆ ಅಂದುಕೊಳ್ಳಿ. ಮೊದಲ ಗೇರ್ ಅನುಪಾತ 5, ಹಿಂದಿನ ಆಕ್ಸಲ್ ನಡುವಿನ ಗೇರ್ ಜೋಡಿಯ, ಅಂದರೆ ಕ್ರೌನ್ ಪಿನಿಯನ್ ಅನುಪಾತ 4.8. ಮೂರನ್ನೂ ಗುಣಿಸಿದರೆ 4,800. ಡಿಫರೆನ್ಷಿಯಲ್ ಅದನ್ನು ಎರಡೂ ಕಡೆಗೆ ಸಮನಾಗಿ ಹಂಚುತ್ತದೆ. ಒಂದು ಶಾಫ್ಟ್‌ಗೆ 2,400 ನ್ಯೂಟನ್ ಮೀಟರ್.

ಎರಡು, ಹೊಡೆತ. ಡ್ರೈವರ್ ಎಂಜಿನ್ ರೇಸ್ ಮಾಡಿ ಕ್ಲಚ್ ಕಾಲು ಥಟ್ ಅಂತ ಬಿಟ್ಟರೆ ಟಾರ್ಕ್ ಒಂದು ಕ್ಷಣ ಜಿಗಿಯುತ್ತದೆ. ಇದನ್ನು ನಾನು ಎರಡು ಪಟ್ಟು ಅಂತ ಹಿಡಿಯುತ್ತೇನೆ. ಅಂದರೆ 4,800.

ಮೂರು, ಟೈರ್ ಹಿಡಿತ. ಟೈರ್ ರಸ್ತೆ ಮೇಲೆ ಜಾರಿಬಿಟ್ಟರೆ ಅದಕ್ಕಿಂತ ಹೆಚ್ಚು ಟಾರ್ಕ್ ಶಾಫ್ಟ್‌ಗೆ ಬರುವುದೇ ಇಲ್ಲ. ಹಿಂದಿನ ಒಂದು ಕಡೆಯ ಮೇಲೆ 1,200 ಕೆ.ಜಿ ಭಾರ ಇದೆ, ಒಣ ರಸ್ತೆಯ ಹಿಡಿತ 0.8, ಚಕ್ರದ ತ್ರಿಜ್ಯ 0.35 ಮೀಟರ್. ಭಾರವನ್ನು 9.81ರಿಂದ ಗುಣಿಸಿ, ಉಳಿದ ಎರಡರಿಂದಲೂ ಗುಣಿಸಿ. ಸುಮಾರು 3,300 ನ್ಯೂಟನ್ ಮೀಟರ್ ಬರುತ್ತದೆ.

ಎರಡನೆಯದು ಮತ್ತು ಮೂರನೆಯದರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಡಿಸೈನ್ ಟಾರ್ಕ್. ಇಲ್ಲಿ 3,300. ಅಂದರೆ ಸರಿಯಾದ ಲೋಡ್ ಇದ್ದಾಗ ಈ ಗಾಡಿಯ ಶಾಫ್ಟ್ ಕಾಯುವುದು ಟೈರೇ. ಆದರೆ ಟಿಪ್ಪರ್‌ಗೆ ಒಂದೂವರೆ ಪಟ್ಟು ಜಲ್ಲಿ ತುಂಬಿದರೆ? ಒಂದು ಕಡೆಗೆ 1,800 ಕೆ.ಜಿ. ಟೈರ್ ಹಿಡಿತ 4,900 ದಾಟುತ್ತದೆ. ಈಗ ಟೈರ್ ಜಾರುವುದಿಲ್ಲ. ಕ್ಲಚ್ ಹೊಡೆತದ 4,800 ಪೂರ್ತಿ ಶಾಫ್ಟ್ ಮೇಲೆ ಬೀಳುತ್ತದೆ. ಎಂಜಿನ್ ಬದಲಾಗಿಲ್ಲ, ಗೇರ್ ಬದಲಾಗಿಲ್ಲ, ಶಾಫ್ಟ್‌ನ ಹೊರೆ ಮಾತ್ರ ಶೇಕಡ 45ರಷ್ಟು ಏರಿದೆ. ಓವರ್‌ಲೋಡ್ ಗಾಡಿಗಳ ಆಕ್ಸಲ್ ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಇದೇ ಮುಖ್ಯ ಕಾರಣ. ಗಿರಾಕಿ ಬಂದಾಗ ನಾನು ಮೊದಲು ಕೇಳುವುದು ಲೋಡ್ ಎಷ್ಟು ಹಾಕ್ತೀರಿ ಅಂತ. ನಿಜ ಹೇಳಿ, ಬೈಯುವುದಿಲ್ಲ ಅಂತಲೂ ಹೇಳುತ್ತೇನೆ. ಆ ಅಂಕಿ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ವ್ಯಾಸದ ಲೆಕ್ಕ

ಗಟ್ಟಿ ದುಂಡು ಶಾಫ್ಟ್‌ನ ಮೈ ಮೇಲಿನ ಒತ್ತಡ ಹೀಗೆ: ಟಾರ್ಕನ್ನು 16ರಿಂದ ಗುಣಿಸಿ, ಅದನ್ನು ಪೈ ಗುಣಿಸು ವ್ಯಾಸದ ಘನದಿಂದ ಭಾಗಿಸಿ. ಟಾರ್ಕ್ ನ್ಯೂಟನ್ ಮಿಲಿಮೀಟರ್‌ನಲ್ಲಿ, ವ್ಯಾಸ ಮಿ.ಮೀನಲ್ಲಿ ಇಟ್ಟರೆ ಉತ್ತರ ಮೆಗಾಪ್ಯಾಸ್ಕಲ್‌ನಲ್ಲಿ ಬರುತ್ತದೆ.

36 ಮಿ.ಮೀ ಶಾಫ್ಟ್‌ಗೆ 3,300 ಬಿದ್ದರೆ 360 ಮೆಗಾಪ್ಯಾಸ್ಕಲ್. ಹಾರ್ಡನಿಂಗ್ ಟೆಂಪರಿಂಗ್ (ಕಾಯಿಸಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಯಿಸುವುದು) ಆದ ಇಎನ್ 19 ಅನ್ನುವ ದರ್ಜೆಯ ಉಕ್ಕಿನ ಯೀಲ್ಡ್, ಅಂದರೆ ವಾಪಸ್ ಬರದಂತೆ ಆಕಾರ ಕೆಡಲು ಶುರುವಾಗುವ ಒತ್ತಡ, ಸುಮಾರು 680. ತಿರುಚುವಾಗ ಅದರ ಶೇಕಡ 58ರಷ್ಟು ಮಾತ್ರ ಸಿಗುತ್ತದೆ, ಅಂದರೆ 390 ಚಿಲ್ಲರೆ. 360 ತಡೆಯುತ್ತದೆ. ಆದರೆ 4,800 ಬಿದ್ದರೆ 524 ಆಗುತ್ತದೆ. ತಡೆಯುವುದಿಲ್ಲ. ಮಾಲೀಕರ ಹಳೆಯ ಶಾಫ್ಟ್ ಮುರಿಯುತ್ತಿದ್ದ ಕಾರಣ ಸಿಕ್ಕಿತು.

40 ಮಿ.ಮೀ ಮಾಡಿದರೆ 382ಕ್ಕೆ ಇಳಿಯುತ್ತದೆ. ಘನದ ಲೆಕ್ಕ ನೋಡಿ. ವ್ಯಾಸ ಶೇಕಡ 11 ಹೆಚ್ಚಿಸಿದರೆ ಬಲ ಶೇಕಡ 37 ಹೆಚ್ಚುತ್ತದೆ. ಈ ಲೆಕ್ಕ ನೋಡಿಯೇ ನಾನು 40 ಮಾಡಿದ್ದು. ಲೆಕ್ಕ ಸರಿಯೇ ಇತ್ತು. ಆದರೆ ಅದು ಶಾಫ್ಟ್‌ನ ನಡುಭಾಗದ ಲೆಕ್ಕ. ಶಾಫ್ಟ್ ನಡುವೆ ಮುರಿಯುವುದು ಅಪರೂಪ.

ಆಕಾರ: ಎಲ್ಲಕ್ಕಿಂತ ಮುಖ್ಯವಾದದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ರ‍್ಯಾಕಿನ ತುಂಡುಗಳಲ್ಲಿ ಬಹುಪಾಲು ಈ ಭಾಗದ ತಪ್ಪಿನಿಂದ ಬಂದವು.

ಆ ಟಿಪ್ಪರ್‌ನ ಸ್ಪ್ಲೈನ್ ಹಲ್ಲುಗಳ ಬುಡದ ವ್ಯಾಸ 37 ಮಿ.ಮೀ. ಅದನ್ನು ನಾನು ಬದಲಾಯಿಸುವ ಹಾಗಿರಲಿಲ್ಲ, ಡಿಫರೆನ್ಷಿಯಲ್ ಒಳಗಿನ ಗೇರ್‌ಗೆ ಕೂರಬೇಕಲ್ಲ. ಹಳೆಯ ಶಾಫ್ಟ್‌ನ ಮೈ 36. ಅಂದರೆ ಸ್ಪ್ಲೈನ್ ಬುಡಕ್ಕಿಂತ ಮೈ ಒಂದು ಮಿ.ಮೀ ತೆಳ್ಳಗೆ. ಹಳೆಯ ಡಿಸೈನ್ ಮಾಡಿದವರು ಆ 36 ಸುಮ್ನೆ ಇಟ್ಟಿರಲಿಲ್ಲ. ತೆಳ್ಳಗಿನ ಮೈ ಉದ್ದಕ್ಕೂ ಸಮನಾಗಿ ತಿರುಚಿಕೊಳ್ಳುತ್ತದೆ, ಸ್ಪ್ಲೈನ್ ಬುಡಕ್ಕೆ ಕಷ್ಟ ಬರುವುದಿಲ್ಲ. ನಾನು ಮೈಯನ್ನು 40 ಮಾಡಿದೆ. ಈಗ ಇಡೀ ಶಾಫ್ಟ್‌ನಲ್ಲಿ ತೆಳ್ಳಗಿನ ಜಾಗ ಸ್ಪ್ಲೈನ್ ಬುಡವೇ ಆಯಿತು. ಮೇಲಾಗಿ ಹಲ್ಲು ಕತ್ತರಿಸುವ ಹಾಬ್ ಕಟರ್ ಹೊರಬರುವ ಜಾಗದಲ್ಲಿ 37ರಿಂದ 40ಕ್ಕೆ ಚೂಪಾದ ಸ್ಟೆಪ್ ಉಳಿಯಿತು. ಬಿರುಕು ಹುಟ್ಟಲು ನಾನೇ ಜಾಗ ಮಾಡಿಕೊಟ್ಟಂತಾಯಿತು.

ಇನ್ನೊಂದು ವಿಷಯ. ಶಾಫ್ಟ್ ಒಂದು ಸ್ಪ್ರಿಂಗ್ ಕೂಡ ಹೌದು. 700 ಮಿ.ಮೀ ಉದ್ದದ 36 ಮಿ.ಮೀ ಶಾಫ್ಟ್ 3,300 ನ್ಯೂಟನ್ ಮೀಟರ್‌ಗೆ ಹತ್ತು ಡಿಗ್ರಿ ತಿರುಚಿಕೊಂಡು ವಾಪಸ್ ಬರುತ್ತದೆ. ಉಕ್ಕು ಅಷ್ಟು ತಿರುಗುತ್ತದೆ ಅಂತ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. 40 ಮಿ.ಮೀ ಆದರೆ ಬರೀ ಆರೂವರೆ ಡಿಗ್ರಿ. ಕೆಟ್ಟು ನಿಂತ ಗಾಡಿಯನ್ನು ಸರಪಳಿ ಕಟ್ಟಿ ಎಳೆದರೆ ಜಗ್ಗು ಬೀಳುತ್ತದೆ, ನೈಲಾನ್ ಹಗ್ಗದಿಂದ ಎಳೆದರೆ ಮೆಲ್ಲಗೆ ಬರುತ್ತದೆ. ಹಾಗೆಯೇ ತೆಳ್ಳಗಿನ ಶಾಫ್ಟ್ ಕ್ಲಚ್ ಹೊಡೆತವನ್ನು ಸ್ವಲ್ಪ ನುಂಗುತ್ತದೆ. ದಪ್ಪ ಶಾಫ್ಟ್ ನುಂಗುವುದಿಲ್ಲ, ಹೊಡೆತದ ಎತ್ತರ ಏರಿಸುತ್ತದೆ.

ಹಾಗಾಗಿ ನಮ್ಮ ಮೊದಲ ನಿಯಮ: ಶಾಫ್ಟ್‌ನ ಮೈ ಸ್ಪ್ಲೈನ್ ಬುಡಕ್ಕಿಂತ ಸ್ವಲ್ಪ ತೆಳ್ಳಗಿರಬೇಕು. ಕಟರ್ ಹಲ್ಲಿನಿಂದ ಹೊರಬರುವಾಗ ಬಯಲಿಗೆ ಬರಬೇಕು, ಗೋಡೆಗೆ ಡಿಕ್ಕಿ ಹೊಡೆಯಬಾರದು.

ಎರಡನೆಯದು ರೇಡಿಯಸ್, ಅಂದರೆ ಮೂಲೆಯನ್ನು ಎಷ್ಟು ದುಂಡಗೆ ಮಾಡುತ್ತೇವೆ ಅನ್ನುವುದು. 36 ಮಿ.ಮೀ ಶಾಫ್ಟ್ 43ಕ್ಕೆ ಏರುವ ಒಂದು ಸ್ಟೆಪ್ ಇದೆ ಅಂತ ಇಟ್ಟುಕೊಳ್ಳಿ. ಆ ಮೂಲೆಯಲ್ಲಿ ಅರ್ಧ ಮಿ.ಮೀ ರೇಡಿಯಸ್ ಕೊಟ್ಟರೆ ಅಲ್ಲಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. 4 ಮಿ.ಮೀ ರೇಡಿಯಸ್ ಕೊಟ್ಟರೆ 1.3 ಪಟ್ಟು ಮಾತ್ರ. ಉಕ್ಕು ಅದೇ, ತೂಕ ಅದೇ, ಖರ್ಚು ಒಂದು ಟೂಲ್ ಬದಲಾಯಿಸುವಷ್ಟು. ಚಕ್ರದ ಕಡೆಗೆ ಬೋಲ್ಟ್ ಆಗುವ ಅಗಲ ತಟ್ಟೆಯ, ಅಂದರೆ ಫ್ಲಾಂಜ್ ಬುಡದಲ್ಲಿ ನಾವು 8 ಮಿ.ಮೀಗಿಂತ ಕಡಿಮೆ ಇಡುವುದಿಲ್ಲ. ಡ್ರಾಯಿಂಗ್‌ನಲ್ಲಿ ರೇಡಿಯಸ್ ಬರೆಯದೆ ಬಿಟ್ಟರೆ ಟರ್ನರ್ ತನ್ನ ಟೂಲ್ ಮೂತಿಯ ರೇಡಿಯಸ್ ಹಾಕುತ್ತಾನೆ, ಅದು 0.8 ಮಿ.ಮೀ ಇರುತ್ತದೆ. ಅವನ ತಪ್ಪಲ್ಲ. ಪ್ರತಿ ಮೂಲೆಗೂ ಅಂಕಿ ಬರೆಯಿರಿ.

ಸ್ಪ್ಲೈನ್ ಉದ್ದ ಮಾಡಿದರೆ ಬಲ ಹೆಚ್ಚುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಒಂದು ಮಟ್ಟದವರೆಗೆ ಸರಿ. ಟಾರ್ಕ್ ಒಳಗೆ ಬರುವ ತುದಿಯ ಹಲ್ಲುಗಳೇ ಜಾಸ್ತಿ ಹೊರುತ್ತವೆ. ಇನ್ನೊಂದು ತುದಿಗೆ ಅಷ್ಟು ತಲುಪುವುದಿಲ್ಲ. ನಮ್ಮಲ್ಲಿ ಸ್ಪ್ಲೈನ್ ವ್ಯಾಸದಷ್ಟು, ಹೆಚ್ಚೆಂದರೆ ಅದರ ಕಾಲು ಭಾಗ ಜಾಸ್ತಿ ಉದ್ದ ಇಡುತ್ತೇವೆ. ದೊಡ್ಡ ಆರ್ಡರ್ ಆದರೆ ಹಲ್ಲು ಕತ್ತರಿಸುವ ಬದಲು ಒತ್ತಿ ಮೂಡಿಸುವ ರೋಲಿಂಗ್ ಮಾಡಿಸುತ್ತೇವೆ. ಉಕ್ಕಿನ ಎಳೆಗಳು ಕಡಿದು ಹೋಗದೆ ಹಲ್ಲಿನ ಆಕಾರಕ್ಕೆ ಬಾಗುತ್ತವೆ, ಬುಡವೂ ನುಣುಪಾಗಿ ಬರುತ್ತದೆ.

ಟಾರ್ಕ್ ಹೊರುವ ಶಾಫ್ಟ್‌ನ ಮೈ ಮೇಲೆ ಕೀವೇ (ಕೀ ಕೂರಿಸುವ ಸೀಳು) ಬೇಡ, ಅಡ್ಡ ತೂತು ಬೇಡ. ನಂಬರ್ ಪಂಚ್ ಕೂಡ ಬೇಡ. ಮೈ ನಡುವೆ ಪಾರ್ಟ್ ನಂಬರ್ ಹೊಡೆದು, ಆ ಅಂಕಿಯಿಂದಲೇ ಬಿರುಕು ಹೊರಟ ಶಾಫ್ಟ್ ನಮ್ಮ ರ‍್ಯಾಕಿನಲ್ಲಿದೆ. ನಂಬರನ್ನು ಫ್ಲಾಂಜ್ ಮುಖದ ಮೇಲೆ ಹಾಕಿ.

ಬೇರಿಂಗ್ ಬಿಗಿಯಾಗಿ ಕೂರುವ ಜಾಗವೂ ಹುಷಾರು. ಒಳ ರಿಂಗಿನ ಅಂಚಿನ ಕೆಳಗೆ ಕಣ್ಣಿಗೆ ಕಾಣದಷ್ಟು ಉಜ್ಜಾಟ ನಡೆಯುತ್ತಿರುತ್ತದೆ. ಕೆಂಪು ಪುಡಿ ಕಂಡರೆ ಅದೇ. ಆ ಸೀಟನ್ನು ಮೈಗಿಂತ ಎರಡು ಮೂರು ಮಿ.ಮೀ ಎತ್ತರಿಸಿ, ಉದ್ದ ರೇಡಿಯಸ್‌ನಿಂದ ಇಳಿಸಿ. ಆಯಿಲ್ ಸೀಲ್ ಕೂರುವ ಜಾಗವನ್ನು ಗ್ರೈಂಡಿಂಗ್ ಚಕ್ರ ಪಕ್ಕಕ್ಕೆ ಸರಿಸದೆ ನೇರ ಒಳಗೆ ಇಳಿಸಿ ಗ್ರೈಂಡ್ ಮಾಡಿ. ಪಕ್ಕಕ್ಕೆ ಸರಿಸಿದರೆ ಸಣ್ಣ ಸ್ಕ್ರೂ ಗೆರೆ ಉಳಿದು ಎಣ್ಣೆಯನ್ನು ಹೊರಗೆ ಪಂಪ್ ಮಾಡುತ್ತದೆ.

ಉಕ್ಕು

ಇಎನ್ 8 ಅಗ್ಗ, ಸಿಗುವುದೂ ಸುಲಭ. ಹಗುರ ಕೆಲಸಕ್ಕೆ ಸಾಕು. ಆಕ್ಸಲ್‌ಗೆ ನಾವು ಇಎನ್ 19 ಬಳಸುತ್ತೇವೆ, ತುಂಬ ಹೊಡೆತ ಬೀಳುವ ಕಡೆ ನಿಕಲ್ ಇರುವ ಇಎನ್ 24. ಗೇರ್‌ಗಳಿಗೆ ಬೇರೆ ಜಾತಿ, 20 ಎಂಎನ್‌ಸಿಆರ್ 5 ಅಥವಾ ಇಎನ್ 353.

ಯಾವ ಉಕ್ಕು ಅನ್ನುವುದಕ್ಕಿಂತ, ಕೊಟ್ಟದ್ದು ಅದೇ ಉಕ್ಕೇ ಅನ್ನುವುದು ಮುಖ್ಯ. ಬಾರ್ ಕೊಳ್ಳುವಾಗ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ (ಉಕ್ಕು ಕರಗಿಸಿದ ಕಂತಿನ ಸಂಖ್ಯೆ) ಬಾರ್ ತುದಿಯ ಮೇಲಿನ ನಂಬರ್‌ಗೆ ಹೊಂದುತ್ತದಾ ನೋಡಿ. ಒಂದು ತುಂಡು ಕತ್ತರಿಸಿ, ಉಕ್ಕಿನಲ್ಲಿ ಏನೇನು ಬೆರೆತಿದೆ ಅಂತ ಹೇಳುವ ಸ್ಪೆಕ್ಟ್ರೋ ಟೆಸ್ಟ್‌ಗೆ ಕೊಡಿ. ಪೀಣ್ಯದಲ್ಲಿ ಅದೇ ದಿನ ರಿಪೋರ್ಟ್ ಕೊಡುವ ಲ್ಯಾಬ್‌ಗಳಿವೆ. ಬಣ್ಣ ಬಳಿದ ತುದಿ ನೋಡಿ ನಂಬಬೇಡಿ.

ಫ್ಲಾಂಜ್ ಇರುವ ಶಾಫ್ಟನ್ನು ದಪ್ಪ ಬಾರ್‌ನಿಂದ ಕೊರೆದು ತೆಗೆಯುವುದು ಒಂದೆರಡು ಪೀಸ್‌ಗೆ ಪರವಾಗಿಲ್ಲ. ಆದರೆ ಬಾರ್‌ನ ಎಳೆಗಳು ಉದ್ದಕ್ಕೆ ಇರುತ್ತವೆ, ಫ್ಲಾಂಜ್ ಬುಡದಲ್ಲಿ ಕಡಿದು ಹೋಗುತ್ತವೆ. ತುದಿ ಕಾಯಿಸಿ ಗುದ್ದಿ ಫೋರ್ಜಿಂಗ್ ಮಾಡಿದರೆ ಎಳೆಗಳು ಫ್ಲಾಂಜ್ ಒಳಕ್ಕೆ ತಿರುಗುತ್ತವೆ. ಮರದ ಕೊಂಬೆ ಬುಡದಲ್ಲಿ ನಾರು ತಿರುಗಿರುವುದನ್ನು ನೋಡಿದ್ದೀರಲ್ಲ, ಹಾಗೆ.

ಗಟ್ಟಿ ಮಾಡುವುದು

ತಿರುಚುವ ಒತ್ತಡ ಶಾಫ್ಟ್‌ನ ಮೈ ಮೇಲೆ ಅತಿ ಹೆಚ್ಚು, ನಟ್ಟನಡುವೆ ಸೊನ್ನೆ. ನಡುವಿಂದ ಹೊರಕ್ಕೆ ನೇರ ಗೆರೆಯಲ್ಲಿ ಏರುತ್ತದೆ. ಅಂದರೆ ಬಲ ಬೇಕಾಗಿರುವುದು ಹೊರಪದರದಲ್ಲಿ. ಇಂಡಕ್ಷನ್ ಹಾರ್ಡನಿಂಗ್ ಮಾಡುವುದು ಅದನ್ನೇ. ಕರೆಂಟ್ ಹರಿಯುವ ಕಾಯಿಲ್ ಒಳಗೆ ಶಾಫ್ಟ್ ಹೊರಮೈ ಮಾತ್ರ ಕೆಂಪಾಗಿ, ತಕ್ಷಣ ನೀರು ಬಿದ್ದು ಗಟ್ಟಿಯಾಗುತ್ತದೆ. ಒಳಗಿನ ತಿರುಳು ಮೆತ್ತಗೆ, ಹೊಡೆತ ತಾಳುವ ಹಾಗೆ ಉಳಿಯುತ್ತದೆ.

ಎಷ್ಟು ಆಳ ಬೇಕು? ನಮ್ಮ ಟಿಪ್ಪರ್ ಶಾಫ್ಟ್ ನೋಡಿ. ಮೈ ಮತ್ತೆ 36ಕ್ಕೆ ಇಳಿಸಿದೆ. 4,800 ಬಿದ್ದಾಗ ಹೊರಮೈಯಲ್ಲಿ 524. ಐದೂವರೆ ಮಿ.ಮೀ ಒಳಗೆ ಹೋದರೆ ತ್ರಿಜ್ಯ 18ರಿಂದ 12.5ಕ್ಕೆ ಇಳಿಯುತ್ತದೆ, ಒತ್ತಡ 364ಕ್ಕೆ ಇಳಿಯುತ್ತದೆ. ಒಳಗಿನ ಉಕ್ಕು 390 ತಡೆಯುತ್ತದೆ. ಹಾಗಾಗಿ ಆಳ ಐದೂವರೆ ಮಿ.ಮೀ, ಹೊರಮೈ ಗಡಸುತನ 52ರಿಂದ 56 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ). ಸುಮ್ನೆ ಎರಡು ಮಿ.ಮೀ ಗಟ್ಟಿ ಮಾಡಿದ್ದರೆ, ಅದರ ಕೆಳಗಿನ ಮೆತ್ತನೆಯ ಪದರದಲ್ಲಿ ಬಿರುಕು ಹುಟ್ಟಿ ಹೊರಗೆ ಬರುತ್ತಿತ್ತು.

ಗಟ್ಟಿ ಪದರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಡ್ರಾಯಿಂಗ್‌ನಲ್ಲಿ ಗೆರೆ ಹಾಕಿ ತೋರಿಸಿ. ಅದು ಮುಗಿಯುವ ಜಾಗ ದುರ್ಬಲ. ರೇಡಿಯಸ್ ಮೇಲಾಗಲಿ, ಸ್ಪ್ಲೈನ್ ಮುಗಿಯುವ ಕಡೆಯಾಗಲಿ ಅದು ಮುಗಿಯಬಾರದು. ನಾವು ಫ್ಲಾಂಜ್ ರೇಡಿಯಸ್ ಪೂರ್ತಿ ಒಳಗೆ ಸೇರುವಂತೆ ಫ್ಲಾಂಜ್ ಕಡೆಯಿಂದಲೇ ಶುರು ಮಾಡಿ, ಸ್ಪ್ಲೈನ್ ತುದಿಯವರೆಗೂ ಎಳೆಯುತ್ತೇವೆ.

ಹೀಟ್ ಟ್ರೀಟ್‌ಮೆಂಟ್ ಹೊರಗೆ ಕೊಡುವವರು ಇದನ್ನು ಮರೆಯಬೇಡಿ. ಒಂದು ಸಲ ಸಂಜೆ ಕರೆಂಟ್ ಹೋಯಿತು. ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ನಮ್ಮ ಹದಿನಾಲ್ಕು ಶಾಫ್ಟ್ ಟೆಂಪರಿಂಗ್ ಆಗದೆ ರಾತ್ರಿಯಿಡೀ ಹಾಗೇ ಉಳಿದವು. ಬೆಳಿಗ್ಗೆ ಐದರಲ್ಲಿ ಕೂದಲಿನಂಥ ಬಿರುಕು. ಅದ್ದಿದ ಉಕ್ಕಿನೊಳಗೆ ಎಳೆತ ತುಂಬಿರುತ್ತದೆ. ತಡ ಮಾಡದೆ ಟೆಂಪರ್ ಆಗಲೇಬೇಕು. ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆ, ಜನರೇಟರ್ ಇದೆಯಾ ಅಂತ. ಉದ್ದ ಶಾಫ್ಟ್‌ಗಳನ್ನು ಫರ್ನೇಸ್‌ನಲ್ಲಿ ಮಲಗಿಸದೆ ನೇತು ಹಾಕಲು ಹೇಳಿ, ಸೊಟ್ಟ ಕಡಿಮೆ ಆಗುತ್ತದೆ. ಸೊಟ್ಟ ತೆಗೆಯಲು ಪ್ರೆಸ್ ಮಾಡಿದ ಮೇಲೆ ಪ್ರತಿ ಶಾಫ್ಟನ್ನೂ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸಿ. ಟೆಸ್ಟ್ ಆದ ಮೇಲೆ ಅಯಸ್ಕಾಂತ ಗುಣ ತೆಗೆಯಬೇಕು, ಇಲ್ಲದಿದ್ದರೆ ಕಬ್ಬಿಣದ ಪುಡಿ ಅಂಟಿಕೊಂಡು ಬೇರಿಂಗ್ ಹಾಳಾಗುತ್ತದೆ.

ಹೊಳೆಯಲಿ ಅಂತ ಜಿಂಕ್ ಪ್ಲೇಟಿಂಗ್ ಕೇಳುವವರಿಗೆ ನಾನು ಬೇಡ ಅನ್ನುತ್ತೇನೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ನುಗ್ಗಿ ಅದು ಸುಲಭವಾಗಿ ಮುರಿಯುವಂತೆ ಮಾಡುತ್ತದೆ. ಮಾಡಲೇಬೇಕಾದರೆ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿಯಲ್ಲಿ ಬೇಯಿಸಬೇಕು. ಆಕ್ಸಲ್‌ಗೆ ಎಣ್ಣೆ ಸವರಿದರೆ ಸಾಕು.

ಪ್ರೊಪೆಲ್ಲರ್ ಶಾಫ್ಟ್, ಗೇರ್

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಟಾರ್ಕ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಟೊಳ್ಳು ಕೊಳವೆ ಯಾಕೆ ಅಂತ ಈಗ ಗೊತ್ತಾಗುತ್ತದೆ. ವ್ಯಾಸದ ಅರ್ಧದಷ್ಟು ತೂತು ಕೊರೆದರೆ ತೂಕ ಕಾಲು ಭಾಗ ಇಳಿಯುತ್ತದೆ, ಬಲ ಇಳಿಯುವುದು ಶೇಕಡ 6 ಮಾತ್ರ. ಆದರೆ ಇದಕ್ಕೆ ಟಾರ್ಕ್‌ಗಿಂತ ವೇಗವೇ ಶತ್ರು. ಒಂದು ವೇಗಕ್ಕೆ ಬಂದಾಗ ಶಾಫ್ಟ್ ಹಗ್ಗ ಆಡಿಸಿದ ಹಾಗೆ ಬಾಗಿ ಸುತ್ತುತ್ತದೆ. 75 ಮಿ.ಮೀ ಹೊರವ್ಯಾಸ, ಎರಡೂವರೆ ಮಿ.ಮೀ ದಪ್ಪದ ಉಕ್ಕಿನ ಕೊಳವೆ 1,500 ಮಿ.ಮೀ ಉದ್ದ ಇದ್ದರೆ ಆ ವೇಗ ಸುಮಾರು 5,500 ಆರ್‌ಪಿಎಂ. 1,200 ಮಿ.ಮೀ ಮಾಡಿದರೆ 8,600. ಉದ್ದದ ವರ್ಗದ ಲೆಕ್ಕ ಅದು. ಓಡಿಸುವ ಗರಿಷ್ಠ ವೇಗ ಇದರ ಮುಕ್ಕಾಲು ಭಾಗ ಮೀರಬಾರದು. ಚಾಸಿಸ್ ಉದ್ದ ಮಾಡಿಸುವವರು ಒಂದೇ ಉದ್ದ ಶಾಫ್ಟ್ ಕೇಳುತ್ತಾರೆ. ಕೊಡಬೇಡಿ. ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಇಡಿ.

ಈ ಶಾಫ್ಟ್ ತುದಿಯ ಕ್ರಾಸ್ ಜಾಯಿಂಟ್ ಓರೆಯಾಗಿ ತಿರುಗುವಾಗ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಏರಿ ಇಳಿಯುತ್ತದೆ. ಹತ್ತು ಡಿಗ್ರಿ ಓರೆಗೆ ಮೇಲಿಂದ ಕೆಳಕ್ಕೆ ಶೇಕಡ 3ರಷ್ಟು. ಎರಡೂ ತುದಿಯ ಓರೆ ಸಮ ಇದ್ದು, ಶಾಫ್ಟ್‌ನ ಎರಡೂ ಯೋಕ್ (ಜಾಯಿಂಟ್ ಹಿಡಿಯುವ ಕವೆ) ಒಂದೇ ಸಾಲಿನಲ್ಲಿ ಇದ್ದರೆ ಒಂದನ್ನೊಂದು ಸರಿದೂಗಿಸುತ್ತವೆ. ಗ್ಯಾರೇಜಿನಲ್ಲಿ ಸ್ಲಿಪ್ ಜಾಯಿಂಟ್ ಬಿಚ್ಚಿ ಒಂದು ಹಲ್ಲು ಆಚೆ ಈಚೆ ಕೂರಿಸಿದರೆ ಗಾಡಿ ನಡುಗಲು ಶುರು. ಎರಡೂ ಭಾಗದ ಮೇಲೆ ಬಾಣದ ಗುರುತು ಹಾಕಿ ಕಳುಹಿಸಿ. ಓರೆ ಪೂರ್ತಿ ಸೊನ್ನೆಯೂ ಬೇಡ. ಸೂಜಿ ರೋಲರ್‌ಗಳು ಅಲುಗಾಡದೆ ಒಂದೇ ಜಾಗದಲ್ಲಿ ಗುಳಿ ಕೊರೆಯುತ್ತವೆ.

ಗೇರ್ ಹಲ್ಲು ಕೂಡ ಮುರಿಯುವುದು ಬುಡದಲ್ಲೇ. ಹಲ್ಲನ್ನು ಒಂದು ತುದಿ ಹಿಡಿದ ತೊಲೆಯಂತೆ ನೋಡಿ ಲೆಕ್ಕ ಹಾಕುವುದನ್ನು 1892ರಲ್ಲಿ ವಿಲ್ಫ್ರೆಡ್ ಲೂಯಿಸ್ ತೋರಿಸಿದರು. ಇಂದಿನ ಲೆಕ್ಕಗಳ ಬೇರು ಅದೇ. ಹೊರಮೈಗೆ ಇಂಗಾಲ ಹಿಡಿಸಿ ಗಟ್ಟಿ ಮಾಡುವ ಕಾರ್ಬುರೈಸಿಂಗ್ ಆಳ, ಹಲ್ಲಿನ ಗಾತ್ರ ಹೇಳುವ ಮಾಡ್ಯೂಲ್‌ನ ಐದನೇ ಒಂದು ಭಾಗದಷ್ಟು, 4 ಮಾಡ್ಯೂಲ್ ಹಲ್ಲಿಗೆ 0.8 ಮಿ.ಮೀ ಹತ್ತಿರ. ಹೊರಮೈ 58ರಿಂದ 62 ಎಚ್‌ಆರ್‌ಸಿ. ಹಲ್ಲಿನ ಪಕ್ಕ ಗ್ರೈಂಡ್ ಮಾಡುವಾಗ ಚಕ್ರ ಬುಡ ಮುಟ್ಟಿ ಗೀರು ಮಾಡಬಾರದು. ಅದಕ್ಕಾಗಿಯೇ ಬುಡವನ್ನು ಮೊದಲೇ ಸ್ವಲ್ಪ ಒಳಗೆ ಕೊರೆಯುವ ಹಾಬ್ ಸಿಗುತ್ತದೆ, ಅದನ್ನೇ ಬಳಸಿ.

ಯಾವುದು ಮೊದಲು ಮುರಿಯಬೇಕು

ಇದನ್ನು ಡಿಸೈನ್ ಮಾಡುವವರೇ ತೀರ್ಮಾನ ಮಾಡಬೇಕು. ಮಿತಿ ಮೀರಿದ ದಿನ ಏನಾದರೂ ಒಂದು ಮುರಿಯುತ್ತದೆ. ಆಕ್ಸಲ್ ಶಾಫ್ಟನ್ನು ಅತಿ ಗಟ್ಟಿ ಮಾಡಿದರೆ ಕ್ರೌನ್ ಪಿನಿಯನ್ ಮುರಿಯುತ್ತದೆ. ಶಾಫ್ಟ್ ರಸ್ತೆ ಬದಿಯಲ್ಲಿ ಬದಲಾಯಿಸಬಹುದು. ಕ್ರೌನ್ ಪಿನಿಯನ್ ಆದರೆ ಇಡೀ ಹೌಸಿಂಗ್ ಇಳಿಸಬೇಕು.

ಆದರೆ ಅದು ಯಾವ ತರಹದ ಆಕ್ಸಲ್ ಅಂತ ಮೊದಲು ನೋಡಿ. ಪೂರ್ತಿ ತೇಲುವ ಆಕ್ಸಲ್‌ನಲ್ಲಿ ಚಕ್ರದ ಭಾರ ಹೌಸಿಂಗ್ ಹೊರುತ್ತದೆ, ಶಾಫ್ಟ್ ಮುರಿದರೂ ಚಕ್ರ ಜಾಗದಲ್ಲೇ ಇರುತ್ತದೆ. ಅರ್ಧ ತೇಲುವ ಆಕ್ಸಲ್‌ನಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ. ಮುರಿದರೆ ಚಕ್ರವೇ ಕಳಚಿ ಹೋಗಬಹುದು. ಅಲ್ಲಿ ಶಾಫ್ಟ್ ಮೊದಲು ಮುರಿಯಲಿ ಅನ್ನುವ ಯೋಚನೆಯೇ ಬೇಡ. ಇನ್ನೊಂದು, ಹ್ಯಾಂಡ್ ಬ್ರೇಕ್ ಗೇರ್‌ಬಾಕ್ಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಇರುವ ಗಾಡಿಗಳಿವೆ. ಆಕ್ಸಲ್ ಶಾಫ್ಟ್ ಮುರಿದರೆ ಆ ಬ್ರೇಕ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವುದಿಲ್ಲ. ಡ್ರೈವರ್‌ಗೆ ಇದನ್ನು ಬಾಯಿ ಬಿಟ್ಟು ಹೇಳಿ. ಚಕ್ರಕ್ಕೆ ಕಲ್ಲು ಕೊಟ್ಟೇ ಇಳಿಯಬೇಕು.

ಕಳುಹಿಸುವ ಮುಂಚೆ

ಟಿಪ್ಪರ್ ಮಾಲೀಕರಿಗೆ ಕೊಟ್ಟ ಹೊಸ ಶಾಫ್ಟ್ ಮೈ 36 ಮಿ.ಮೀ, ಇಎನ್ 19, ಐದೂವರೆ ಮಿ.ಮೀ ಇಂಡಕ್ಷನ್. ಹೊರಗಿನಿಂದ ನೋಡಿದರೆ ಹಳೆಯದರ ಹಾಗೇ ಇತ್ತು. "ಇಷ್ಟೇನಾ ಅಕ್ಕಾ?" ಅಂತ ಕೇಳಿದರು. ರ‍್ಯಾಕಿನಿಂದ ನನ್ನ 40ರದ್ದನ್ನು ತೆಗೆದು ಪಕ್ಕದಲ್ಲಿಟ್ಟು ವಿವರಿಸಿದೆ. ಲೋಡ್ ಇಳಿಸಲೂ ಹೇಳಿದೆ, ಸ್ವಲ್ಪ ಇಳಿಸಿದರು. ಆ ಜೋಡಿ ಮೂರು ವರ್ಷ ಓಡಿತು. ಆಮೇಲೆ ಅವರು ಗಾಡಿಯನ್ನೇ ಮಾರಿದರು.

ನಾವು ಪ್ರತಿ ಶಾಫ್ಟ್ ಮೈ ಮೇಲೆ ಉದ್ದಕ್ಕೆ ಒಂದು ನೇರ ಬಿಳಿ ಪೇಂಟ್ ಗೆರೆ ಎಳೆಯುತ್ತೇವೆ. ಫ್ಲಾಂಜ್ ಮೇಲೆ ಎಡ ಅಥವಾ ಬಲ ಅಂತ ಗುರುತು ಹಾಕುತ್ತೇವೆ. ಸ್ಪ್ಲೈನ್‌ಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಮೈಗೆ ಎಣ್ಣೆ ಸವರಿ, ಮರದ ತೊಟ್ಟಿಲಲ್ಲಿ ಇಟ್ಟು ಕಳುಹಿಸುತ್ತೇವೆ. ದಾರಿಯಲ್ಲಿ ಒಂದಕ್ಕೊಂದು ಬಡಿದರೆ ಆ ಗೀರೇ ಮುಂದೆ ಬಿರುಕಾಗಬಹುದು.

ಮೊದಲ ಸರ್ವೀಸ್‌ನಲ್ಲಿ ಶಾಫ್ಟ್ ಹೊರಗೆಳೆದು ಒರೆಸಿ ಗೆರೆ ನೋಡಲು ಹೇಳುತ್ತೇವೆ. ಗೆರೆ ಸುರುಳಿಯಾಗಿದ್ದರೆ ಉಕ್ಕು ಮಿತಿ ದಾಟಿ ತಿರುಚಿದೆ, ಅದನ್ನು ಮತ್ತೆ ಹಾಕಬಾರದು. ಗೆರೆ ನೇರ ಇದ್ದರೆ ಹೊಸ ಗ್ಯಾಸ್ಕೆಟ್ ಇಟ್ಟು, ಇದ್ದ ಕಡೆಗೇ ಹಾಕಬೇಕು. ಒಂದು ದಿಕ್ಕಿಗೆ ತಿರುಚಿ ಒಗ್ಗಿದ ಶಾಫ್ಟನ್ನು ಎಡದ್ದು ಬಲಕ್ಕೆ ಬದಲಾಯಿಸಿದರೆ ಅದು ಬೇಗ ದಣಿಯುತ್ತದೆ.